ಗಟ್ಟಿ ಏರಿಗೂ ‘ಅಪಾಯ’ದ ಪಟ್ಟವೇಕೆ?

ನಮ್ಮ ತೋಟದ ಮೇಲಿನ ಹಳ್ಳಕ್ಕೆ ಜಮೀನಿನವರೇ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿದ್ದಾರೆ. ಏರಿ ಗಟ್ಟಿಯಾಗಿಯೇ ಇದೆ. ಆದರೂ ಅದನ್ನು ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರಿಸಬಹುದೆ? – ಓದುಗರು, ಚಿಕ್ಕಜಾಜೂರು

ಸೇರಿಸಬಹುದು. ಅಪಾಯದ ವರ್ಗ ಹೇಳುವುದು ಏರಿಯ ಗಟ್ಟಿತನವನ್ನಲ್ಲ, ಅದು ಒಡೆದರೆ ಆಗುವ ಹಾನಿಯನ್ನು. ಅಟ್ಟದ ಅಂಚಿನಲ್ಲಿಟ್ಟ ತುಂಬಿದ ಕೊಡದ ಕೆಳಗೆ ಬರೀ ನೆಲವಿದ್ದರೆ ನೀರಷ್ಟೇ ನಷ್ಟ, ತೊಟ್ಟಿಲಿದ್ದರೆ? ಹಾಗೆಯೇ ಏರಿಯ ಕೆಳಗೆ ಖಾಲಿ ಹೊಲವಿದ್ದರೆ ಅಪಾಯ ಕಡಿಮೆ; ಮನೆ, ಶಾಲೆ, ರೈಲುಹಳಿ ಇದ್ದರೆ ಹೆಚ್ಚು.

ಮಣ್ಣಿನ ಏರಿ ಮುಖ್ಯವಾಗಿ ಎರಡು ರೀತಿಯಲ್ಲಿ ಒಡೆಯುತ್ತದೆ. ಕೋಡಿ ಕಿರಿದಾಗಿದ್ದರೆ ಅಥವಾ ಕಸ ಕಟ್ಟಿಕೊಂಡಿದ್ದರೆ ನೀರು ಏರಿಯ ಮೇಲೇ ಹರಿದು ಹಿಂಬದಿಯ ಮಣ್ಣನ್ನು ಕೊರೆಯುತ್ತದೆ. ಸಣ್ಣ ಕೊರಕಲು ನೋಡನೋಡುತ್ತಲೇ ಬಾಯಿ ತೆರೆಯುತ್ತದೆ. ಇನ್ನೊಂದು, ಹೆಗ್ಗಣದ ಬಿಲ ಅಥವಾ ಸತ್ತ ಮರದ ಬೇರಿನ ಜಾಡು ಹಿಡಿದು ನೀರು ಒಳಗಿಂದೊಳಗೇ ಮಣ್ಣು ಸಾಗಿಸುವುದು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಡಿ. ಕೆಂಪಗೆ ಕದಡಿ ಬಂದರೆ ಕೆಳಗಿನವರನ್ನು ತಕ್ಷಣ ಎಚ್ಚರಿಸಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರ್‌ನವಕ್ಕೆ. ಅದಕ್ಕಿಂತ ಚಿಕ್ಕ ಏರಿಗಳು ಅದರ ವ್ಯಾಪ್ತಿಗೆ ಬಾರವು. ಹಾಗಾಗಿ ಮಳೆಗಾಲಕ್ಕೆ ಮುಂಚೆ ಕೋಡಿ ಬಿಡಿಸುವುದು, ಬಿಲ ಮುಚ್ಚುವುದು, ಏರಿಯ ಮೇಲಿನ ಗಿಡ ಮರವಾಗುವ ಮುನ್ನ ಕೀಳುವುದು ಮಾಲೀಕರೇ ನೋಡಿಕೊಳ್ಳಬೇಕಾದ ಕೆಲಸ.