ಪಾಟಿಚೀಲ ಕೊಳ್ಳುವ ಮುನ್ನ



ಹೊಸ ಪಾಟಿಚೀಲ ಕೊಳ್ಳುವಾಗ ಮನೆಯ ಹಿರಿಯರು ಹೇಳುವ ಮಾತು ಒಂದೇ: "ದೊಡ್ಡದು ತಗೊಳ್ಳೋಣ, ನಾಕು ವರ್ಷ ಬಾಳಿಕಿ ಬರ್ತೈತಿ." ರೊಕ್ಕದ ಲೆಕ್ಕಕ್ಕೆ ಅದು ಸರಿ. ಆದರೆ ಚೀಲ ದೊಡ್ಡದಿದ್ದಷ್ಟೂ ನಾವು ತುಂಬುತ್ತೇವೆ. ಭಾರವು ಹಿಂದಕ್ಕೆ ಎಳೆಯುತ್ತದೆ. ಬೀಳಬಾರದೆಂದು ನಾವು ಮುಂದಕ್ಕೆ ಬಾಗಿ ನಡೆಯುತ್ತೇವೆ. ಇದರಿಂದ ಕುತ್ತಿಗೆ, ಹೆಗಲು, ಬೆನ್ನು ನೋಯುತ್ತವೆ.

ಇದು ಹಳೆಯ ಸಮಸ್ಯೆ. ಮೈಸೂರಿನಲ್ಲಿ ಬಾಳಿದ ಲೇಖಕ ಆರ್.ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಚೀಲದ ಹೊರೆಯ ಬಗ್ಗೆ ಮಾತನಾಡಿದರು. 1993ರಲ್ಲಿ ಪ್ರೊ. ಯಶಪಾಲ್ ಸಮಿತಿ ಕಲಿಕೆಯ ಹೊರೆ ಇಳಿಸಬೇಕೆಂದು ವರದಿ ಕೊಟ್ಟಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಚೀಲದ ತೂಕವನ್ನು ಹೀಗೆ ಗೊತ್ತುಮಾಡಿತು:

1–2ನೇ ತರಗತಿ: 1.5ರಿಂದ 2 ಕೆ.ಜಿ.
3–5ನೇ ತರಗತಿ: 2ರಿಂದ 3 ಕೆ.ಜಿ.
6–8ನೇ ತರಗತಿ: 3ರಿಂದ 4 ಕೆ.ಜಿ.
9–10ನೇ ತರಗತಿ: 4ರಿಂದ 5 ಕೆ.ಜಿ.

ಇನ್ನೊಂದು ಸುಲಭ ಲೆಕ್ಕವಿದೆ. ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು.

ಕೊಳ್ಳುವಾಗ ನೋಡಬೇಕಾದವು:

1. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಚೀಲ ಹಾಕಿಸಿ ನೋಡಬೇಕು. ಅದು ಬೆನ್ನಿಗಿಂತ ಅಗಲ ಇರಬಾರದು, ಸೊಂಟದ ಕೆಳಗೆ ಜೋತು ಬೀಳಬಾರದು.
2. ಹೆಗಲ ಪಟ್ಟಿ ಎರಡಿರಬೇಕು. ಅಗಲವಾಗಿ, ಒಳಗೆ ಮೆತ್ತಗಿರಬೇಕು. ಸಣ್ಣ ಪಟ್ಟಿ ಹೆಗಲಿಗೆ ಕೊರೆಯುತ್ತದೆ.
3. ಪಟ್ಟಿಯನ್ನು ಉದ್ದ, ಗಿಡ್ಡ ಮಾಡಲು ಬರಬೇಕು.
4. ಖಾಲಿ ಚೀಲವೇ ಹಗುರ ಇರಬೇಕು.
5. ಪಟ್ಟಿ ಕೂಡುವ ಕಡೆ ಹೊಲಿಗೆ ಜಗ್ಗಿ ನೋಡಬೇಕು. ಚೀಲ ಮೊದಲು ಹರಿಯುವುದು ಅಲ್ಲೇ.

ತುಂಬುವುದರಲ್ಲೂ ಜಾಣತನ ಬೇಕು. ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹೊರಬಹುದು, ಕೈ ಚಾಚಿ ಹಿಡಿದರೆ ಆಗದು. ಹಾಗೆಯೇ ದಪ್ಪ ಪುಸ್ತಕಗಳು ಬೆನ್ನಿಗೆ ಹತ್ತಿಕೊಂಡಿರಬೇಕು, ಹಗುರ ಸಾಮಾನು ಹೊರಗಡೆ ಇರಬೇಕು. ಒಂದೇ ಹೆಗಲಿಗೆ ಚೀಲ ನೇತುಹಾಕಬಾರದು.

ನನ್ನ ತಂಗಿ ಮೂರನೇ ತರಗತಿ. ಅವಳ ತೂಕ 22 ಕೆ.ಜಿ. ಕಿರಾಣಿ ಅಂಗಡಿಯಲ್ಲಿ ಅವಳ ಚೀಲ ತೂಗಿಸಿದೆ. 4 ಕೆ.ಜಿ. ಬಂತು! ಬಿಚ್ಚಿ ನೋಡಿದರೆ ತುಂಬಿದ ನೀರಿನ ಬಾಟ್ಲಿಯೇ 1 ಕೆ.ಜಿ. 100 ಗ್ರಾಂ. ಆ ದಿನದ ವೇಳಾಪಟ್ಟಿಯಲ್ಲಿ ಇಲ್ಲದ ಪುಸ್ತಕಗಳು 900 ಗ್ರಾಂ. ಎರಡನ್ನೂ ತೆಗೆದರೆ ಉಳಿದದ್ದು 2 ಕೆ.ಜಿ. ಮಾತ್ರ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಭಾರ. ಶಾಲೆಯಲ್ಲಿ ಶುದ್ಧ ನೀರು ಸಿಗುವಾಗ ಖಾಲಿ ಬಾಟ್ಲಿ ತಂದರೆ ಸಾಕಲ್ಲವೇ?

ಆದ್ದರಿಂದ ಗೆಳೆಯರೇ, ರಾತ್ರಿ ಮಲಗುವ ಮುಂಚೆ ವೇಳಾಪಟ್ಟಿ ನೋಡಿ ಚೀಲ ಜೋಡಿಸಿರಿ. ವಾರಕ್ಕೊಮ್ಮೆ ತೂಗಿಸಿರಿ. ಹೆಗಲು ನೋಯುತ್ತಿದ್ದರೆ ಸುಮ್ಮನಿರದೆ ಮನೆಯಲ್ಲಿ, ಗುರುಗಳಲ್ಲಿ ಹೇಳಿರಿ. ಹಿರಿಯರು ದೊಡ್ಡ ಚೀಲ ಆರಿಸಿದರೆ ಮೆಲ್ಲಗೆ ಹೀಗನ್ನಿರಿ: "ಚೀಲ ಹರಿದರೆ ಇನ್ನೊಂದು ಸಿಗ್ತೈತಿ, ಬೆನ್ನು ಸಿಗಂಗಿಲ್ರಿ."