ಶಿಶುಗಳ ಮೈಕಾವನ್ನು ಅಳೆಯುವ ಕ್ರಮ

ಕಳೆದ ಮಳೆಗಾಲದಲ್ಲಿ ಕಾಪುವಿನಲ್ಲಿರುವ ನಮ್ಮ ಹಳೆವಿದ್ಯಾರ್ಥಿನಿಯೊಬ್ಬಳು ಐದು ವಾರದ ಕೂಸನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದಳು. "ಬೆಳಗಿನಿಂದ ಹಾಲು ಕುಡಿಯುವುದಿಲ್ಲ, ಟೀಚರ್. ಅತ್ತೆಯವರು ಹಣೆ ಮುಟ್ಟಿನೋಡಿ ಜ್ವರವಿಲ್ಲವೆಂದರು" ಎಂದಳು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟು ನೋಡಲು 101 ಡಿಗ್ರಿ ಇತ್ತು! ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು. ಕೂಸು ಈಗ ಸುಖವಾಗಿದೆ.

ಅತ್ತೆಯವರನ್ನು ದೂರಲಾಗದು. ಒಲೆಯ ಮುಂದಿನಿಂದ ಎದ್ದುಬಂದ ಕೈಗೆ ಕಾದ ಹಣೆಯೂ ತಣ್ಣಗೆ ತೋರುವುದು. ಬಾವಿಯ ನೀರು ಸೇದಿದ ಕೈಗೆ ಆರೋಗ್ಯವಂತ ಶಿಶುವಿನ ಹಣೆಯೂ ಬಿಸಿಯೆನಿಸುವುದು.

ಎಳೆಯ ಮಕ್ಕಳಿಗೆ ಮನೆಯಲ್ಲಿ ಕಂಕುಳೇ ಯೋಗ್ಯಸ್ಥಾನ. ಸ್ನಾನವಾದ ಕೂಡಲೇ ಅಥವಾ ಕಂಬಳಿಯಿಂದ ಹೊರತೆಗೆದ ಕೂಡಲೇ ಅಳೆಯದೆ ಕಾಲು ಗಂಟೆಯಾದರೂ ತಡೆಯತಕ್ಕದ್ದು. ಬೆವರೊರಸಿ, ಥರ್ಮಾಮೀಟರಿನ ಮೊನೆಯು ಕಂಕುಳ ನಡುವೆ ಬರಿಯ ಚರ್ಮಕ್ಕೆ ತಗಲುವಂತಿಟ್ಟು, ತೋಳನ್ನು ಪಕ್ಕೆಗೆ ಮೆಲ್ಲನೆ ಒತ್ತಿಹಿಡಿದು, ಸದ್ದು ಕೇಳುವ ತನಕ ಬಿಡಬಾರದು. ಅಂಗಿಯ ಅಂಚು ನಡುವೆ ಸಿಕ್ಕಿದರೆ ಲೆಕ್ಕ ತಪ್ಪುವುದು. ಕಿವಿಯಲ್ಲಿಡುವ ಯಂತ್ರವು ಆರು ತಿಂಗಳೊಳಗಿನ ಶಿಶುಗಳಿಗೆ ತಕ್ಕದ್ದಲ್ಲ. ಅವುಗಳ ಕಿವಿಯ ದಾರಿ ತೀರ ಕಿರಿದು.

ಅಜ್ಜಿಯ ಪೆಟ್ಟಿಗೆಯಲ್ಲಿ ಪಾದರಸದ ಗಾಜಿನ ಕಡ್ಡಿಯಿದ್ದರೆ ಅದನ್ನು ಇನ್ನು ಉಪಯೋಗಿಸದಿರುವುದೇ ಲೇಸು. 2013ರ ಮಿನಾಮಾಟಾ ಒಡಂಬಡಿಕೆಯು ಅಂಥವುಗಳ ತಯಾರಿಕೆಯನ್ನು ನಿಲ್ಲಿಸಲು 2020ನೇ ವರ್ಷವನ್ನು ಗೊತ್ತುಮಾಡಿತು. ಒಡೆದರೆ ಪೊರಕೆಯಿಂದ ಗುಡಿಸಬೇಡಿರಿ, ಹನಿಗಳು ಇನ್ನಷ್ಟು ಚದರುವುವು. ಕಿಟಕಿ ತೆರೆದು, ದಪ್ಪ ಕಾಗದದಿಂದ ಕೂಡಿಸಿ, ಮುಚ್ಚಳವುಳ್ಳ ಸೀಸೆಗೆ ಹಾಕಿರಿ.

ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37.5 ಸೆಲ್ಸಿಯಸ್, ಅಥವಾ ಅದಕ್ಕೆ ಮೇಲ್ಪಟ್ಟರೆ ಜ್ವರವೆಂದು ತಿಳಿಯತಕ್ಕದ್ದು. ದೇಹದ ಒಳಗಿನ ಕಾವು ಕಂಕುಳದ್ದಕ್ಕಿಂತ ತುಸು ಹೆಚ್ಚೆಂದು ಕೆಲವರು ತಾವೇ ಒಂದು ಡಿಗ್ರಿ ಕೂಡಿಸಿ ಹೇಳುವುದುಂಟು. ಇದು ಡಾಕ್ಟರರನ್ನು ದಾರಿ ತಪ್ಪಿಸುವ ಜಾಣತನ. ಕಂಡಷ್ಟನ್ನೇ ಹೇಳಿರಿ.

ಎರಡು ತಿಂಗಳೊಳಗಿನ ಶಿಶುವಿಗೆ ಜ್ವರ ಕಂಡರೆ, ಔಷಧ ಕೊಟ್ಟು ರಾತ್ರಿ ಕಳೆಯಲೆಂದು ಕಾಯಕೂಡದು. ಕಾವು 95.9ಕ್ಕಿಂತ ಕೆಳಗಿಳಿದರೂ ಅಷ್ಟೇ ಅಪಾಯ. ಕಠಿಣ ರೋಗವು ಇಷ್ಟು ಎಳೆಯ ಮೈಯನ್ನು ಕಾಯಿಸುವ ಬದಲು ತಣ್ಣಗಾಗಿಸುವುದೂ ಉಂಟು. ಇದನ್ನು ಬರಿಗೈ ಸುಲಭವಾಗಿ ಅರಿಯದು.

1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡರು ಉಡುಪಿಯಲ್ಲಿ ತೆರೆದ ಆಸ್ಪತ್ರೆಗಾಗಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಾಗಲಿ, ಕಾರ್ಕಳದ ಸರಕಾರಿ ಆಸ್ಪತ್ರೆಗಾಗಲಿ ಹೊರಡುವಾಗ ಒಂದು ಚೀಟಿಯಲ್ಲಿ ಎಷ್ಟು ಡಿಗ್ರಿ, ಎಷ್ಟು ಗಂಟೆಗೆ, ಮೈಯ ಯಾವ ಭಾಗದಲ್ಲಿ ಅಳೆದದ್ದು, ಕೊನೆಯ ಬಾರಿ ಹಾಲು ಕುಡಿದದ್ದು ಯಾವಾಗ ಎಂದು ಬರೆದುಕೊಂಡು ಹೋಗಿರಿ. ಕಾಪುವಿನ ಆ ತಾಯಿಯ ಕೈಯಲ್ಲಿ ನಾವು ಕೊಟ್ಟುಕಳುಹಿಸಿದ್ದೂ ಇಂಥದೊಂದು ಚೀಟಿಯನ್ನೇ.