ಗಾಡಿ ಯಾವಾಗ ಕಾಯುತ್ತದೆ?

ಸಿರುಗುಪ್ಪದಿಂದ ಭತ್ತದ ಚೀಲ ಹೇರಿಕೊಂಡು ಬಳ್ಳಾರಿಗೆ ಹೊರಟ ಹಳೆಯ ಡೀಸೆಲ್ ಪಿಕಪ್ ಮೇ ತಿಂಗಳ ಮಧ್ಯಾಹ್ನ ದಾರಿಯಲ್ಲಿ ನಿಂತರೆ, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಹೀಟ್ ಆಗೈತಿ, ನೀರು ಹಾಕಣ್ಣ." ನೀರು ಹಾಕಿದರೆ ಗಾಡಿ ಹೊರಡುತ್ತದೆ. ಕಾಯಿಲೆ ಮಾತ್ರ ಅಲ್ಲೇ ಉಳಿಯುತ್ತದೆ.

ಡೀಸೆಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಮೂರರಲ್ಲೊಂದು ಪಾಲು. ಉಳಿದ ಬಿಸಿಯಲ್ಲಿ ಒಂದಿಷ್ಟು ಸೈಲೆನ್ಸರಿನಲ್ಲಿ ಹೋಗುತ್ತದೆ, ಇನ್ನೊಂದಿಷ್ಟನ್ನು ನೀರು ಹೊತ್ತು ರೇಡಿಯೇಟರಿಗೆ ತಂದು ಗಾಳಿಗೆ ಕೊಡಬೇಕು. ನೀರು 90 ಡಿಗ್ರಿ, ನಮ್ಮ ಬೇಸಿಗೆಯ ಗಾಳಿ 42. ನಡುವಿನ ಅಂತರ ಕಡಿಮೆಯಾದಷ್ಟೂ ಬಿಸಿ ಬಿಟ್ಟುಕೊಡುವುದು ಕಷ್ಟ. ಚಳಿಗಾಲದಲ್ಲಿ ಸುಮ್ಮನಿದ್ದ ದೋಷ ಬೇಸಿಗೆಯಲ್ಲಿ ಹೊರಬೀಳುವುದು ಇದರಿಂದಲೇ.

ಅದಕ್ಕೇ ಮೊದಲು ಕೇಳಬೇಕಾದ್ದು, ಗಾಡಿ ಯಾವಾಗ ಕಾಯುತ್ತದೆ ಎಂದು. ಬಳ್ಳಾರಿಯ ರಾಯಲ್ ಸರ್ಕಲ್ ದಟ್ಟಣೆಯಲ್ಲಿ ಕಾದು, ಊರ ಹೊರಗೆ ಓಡುವಾಗ ಮುಳ್ಳು ಇಳಿದರೆ ಫ್ಯಾನ್ ಕಡೆ ನೋಡಿ: ಬೆಲ್ಟ್ ಸಡಿಲವಾಗಿದೆಯೇ, ಫ್ಯಾನ್ ಕ್ಲಚ್ ಹಿಡಿಯುತ್ತಿದೆಯೇ? ಲೋಡಿನಲ್ಲಿ, ವೇಗವಾಗಿ ಓಡುವಾಗಲೇ ಕಾದರೆ ಅನುಮಾನ ರೇಡಿಯೇಟರಿನ ಮೇಲೆ.

ಕುರುಗೋಡಿನ ಹತ್ತಿರದ ಒಂದು ಶೆಡ್ಡಿನಲ್ಲಿ ಇಂಥ ರೇಡಿಯೇಟರ್ ಇಳಿಸಿದ್ದನ್ನು ನಿಂತು ನೋಡಿದ್ದೇನೆ. ಸುಗ್ಗಿಯ ಹೊಟ್ಟು, ಧೂಳು, ಎಣ್ಣೆಯ ಜಿಡ್ಡು ಸೇರಿ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ದೀಪ ಹಿಡಿದರೆ ಆಚೆ ಬೆಳಕು ಕಾಣಲಿಲ್ಲ. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆ ನೀರು ಬಿಡಬೇಕು. ಜೋರು ಪಂಪಿನ ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕೊಳವೆಗಳ ಒಳಗೆ ಇನ್ನೊಂದು ಕತೆ: ವರ್ಷಗಟ್ಟಲೆ ಸುರಿದ ಬೋರ್‌ವೆಲ್ ನೀರು, ಸ್ನಾನದ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಸುಣ್ಣ. ಕೂಲಂಟಿಗೆ ಶುದ್ಧೀಕರಿಸಿದ ನೀರನ್ನೇ ಬೆರೆಸಿ ಎನ್ನುವುದು ಇದಕ್ಕಾಗಿ.

ಇನ್ನು ಥರ್ಮೋಸ್ಟಾಟ್. "ಬಿಸಿ ನಾಡು, ಅದು ಬ್ಯಾಡ" ಎಂದು ಕಿತ್ತೆಸೆಯುವ ಮೆಕ್ಯಾನಿಕರ ಮಾತು ನಾನು ಒಪ್ಪುವುದಿಲ್ಲ. ಅದಿಲ್ಲದ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಟ್ಟಿದೆಯೇ ಎಂದು ನೋಡಲು ಒಲೆ ಸಾಕು. ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿದರೆ, ಸುಮಾರು 80 ಡಿಗ್ರಿ ದಾಟುತ್ತಲೇ ಒಳಗಿನ ಮೇಣ ಕರಗಿ ಉಬ್ಬಿ ಬಾಯಿ ತೆರೆಯಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿ.

ರೇಡಿಯೇಟರ್ ಮುಚ್ಚಳವನ್ನು ಕಡೆಗಣಿಸಬೇಡಿ. ಅದರ ಸ್ಪ್ರಿಂಗು ಒಳಗೆ ಒತ್ತಡ ಹಿಡಿದಿಡುವುದರಿಂದಲೇ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕಾದಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮೇಲಿನ ಹೋಸ್ ತಣ್ಣಗಾಗಿ ಕೈಗೆ ಮೆತ್ತಗೆ ಸಿಗುವ ತನಕ ಕಾಯಿರಿ.

ಮರುದಿನ ಬೆಳಿಗ್ಗೆ, ತಣ್ಣಗಿನ ಗಾಡಿಯ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೀರನ್ನೇ ನೋಡಿ. ಬಿಡುವಿಲ್ಲದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ದಾಟಿ ಉರಿಯ ಗಾಳಿ ನೀರಿಗೆ ನುಗ್ಗುತ್ತಿದೆ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹಾಕಿದ ಚಹಾದಂತೆ ಕಂಡರೆ ನೀರೂ ಎಣ್ಣೆಗೆ ಬೆರೆತಿದೆ. ಆ ಗಾಡಿಯನ್ನು ಸುಗ್ಗಿ ಮುಗಿಯಲಿ ಎಂದು ಓಡಿಸಬೇಡಿ, ಅಲ್ಲೇ ನಿಲ್ಲಿಸಿ.